ಮೈನೋಟದವರಿಗೆ ಹೇಳಿದ ‘ಆರಾಮ’

ನವಲಗುಂದ, ಫೆಬ್ರವರಿ ೩೦, ೨೧೯೧

ನನಗಿಂತ ಮೊದಲು ಬದುಕುತ್ತಿರುವವರೇ,

ಫೆಬ್ರವರಿಗೆ ಮೂವತ್ತು ದಿನವೆಲ್ಲಿಯದು ಎಂದು ನಗಬೇಡಿ. ಕ್ಯಾಲೆಂಡರ್ ತಿದ್ದಿ ನಲವತ್ತು ವರ್ಷವಾಯಿತು. ನನ್ನ ಕೆಲವು ಮಾತುಗಳೂ ವಿಚಿತ್ರವೆನಿಸಬಹುದು, ಕ್ಷಮಿಸಿ. ನಾನು ಗಂಗಾಂಬಿಕೆ, ಎಪ್ಪತ್ತೊಂದು ವರ್ಷದವಳು. ಹುಟ್ಟುವಾಗಲೇ ನನ್ನ ಥೈರಾಯ್ಡ್ ಗ್ರಂಥಿ ಕೆಲಸ ಮಾಡುತ್ತಿರಲಿಲ್ಲ. ಆಗ ‘ಹಿಮ್ಮಡಿ ಹನಿ’ ಎಂಬ ಪದ್ಧತಿಯಿತ್ತು: ಕೂಸಿನ ಹಿಮ್ಮಡಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತವನ್ನು ಕಾಗದಕ್ಕೆ ಹಿಡಿದು ಪರೀಕ್ಷಿಸುತ್ತಿದ್ದರು. ಒಂಬತ್ತನೆಯ ದಿನಕ್ಕೇ ನನಗೆ ಮಾತ್ರೆ ಶುರುವಾಯಿತು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ, ಅರ್ಧ ಗಂಟೆ ಬಿಟ್ಟು ಚಹಾ. ಇಷ್ಟರ ಮೇಲೆಯೇ ಶಾಲೆಯಲ್ಲಿ ಗಣಿತ ಕಲಿಸಿದೆ, ಮೂರು ಮಕ್ಕಳನ್ನು ಹೆತ್ತೆ, ಗಂಡನೊಡನೆ ಜಗಳವಾಡಿ ಗೆದ್ದೆ.

ಹತ್ತು ವರ್ಷಕ್ಕೊಮ್ಮೆ ‘ಮೈನೋಟ’ ನಡೆಯುತ್ತಿತ್ತು. ನಮ್ಮಂಥವರು ದೊಡ್ಡವರಾಗಿ ಹೇಗಿದ್ದೇವೆಂದು ಸರಕಾರ ಕೇಳುವ ಕ್ರಮ. ಮೈನೋಟದವರು “ಹೆಂಗದೀರಿ ಅಕ್ಕಾರ?” ಎಂದರೆ ನಾನು “ಆರಾಮ ಅದೀನ್ರೀ” ಎನ್ನುತ್ತಿದ್ದೆ. ಜ್ವರದಲ್ಲಿ ಮಲಗಿದ್ದರೂ ನಮ್ಮ ಕಡೆ ಹಾಗೇ ಅನ್ನುತ್ತಾರೆ. ಸುಸ್ತು, ಮಾತ್ರೆ ಮರೆತ ವಾರ ಮಂಕಾಗಿ ಕೂತದ್ದು, ಬಸಿರಿನಲ್ಲಿ ಪ್ರಮಾಣ ಹೆಚ್ಚಿಸಬೇಕಾಗಿ ಬಂದದ್ದು, ಯಾವುದನ್ನೂ ಹೇಳಲಿಲ್ಲ. ನನ್ನಂಥ ನಾಲ್ಕು ಸಾವಿರ ಮಂದಿಯೂ ಆರಾಮ ಎಂದರು. ಅದನ್ನು ಓದಿದ ಆರೋಗ್ಯ ಸಭೆ, ಹಾಗಾದರೆ ಇವರಿಗೆ ರೋಗವೇ ಇಲ್ಲವೆಂದು ತೀರ್ಮಾನಿಸಿ ಹದಿನೈದು ವರ್ಷದ ಹಿಂದೆ ಹಿಮ್ಮಡಿ ಹನಿಯನ್ನು ನಿಲ್ಲಿಸಿತು. ಈ ರೋಗವನ್ನು ವೈದ್ಯರ ಪಠ್ಯದಿಂದಲೂ ತೆಗೆಯಿತು. ಹಳಬರಾದ ನಮಗಷ್ಟೇ ಮಾತ್ರೆ ಬರುತ್ತದೆ.

ಮೊಮ್ಮಗಳು ಶಾಲ್ಮಲಾಳ ಕೂಸಿಗೆ ಇಂದಿಗೆ ಹನ್ನೆರಡು ದಿನ. ಅಳುವುದಿಲ್ಲ. ಎಬ್ಬಿಸಿ ಎಬ್ಬಿಸಿ ಹಾಲು ಕುಡಿಸಬೇಕು. ಕಾಮಾಲೆಯ ಹಳದಿ ಇಳಿದಿಲ್ಲ, ನಾಲಿಗೆ ದಪ್ಪ, ಕೈಕಾಲು ತಣ್ಣಗೆ. ನೋಡಲು ಬಂದವರು “ಎಷ್ಟ ಶಾಣ್ಯಾ ಕೂಸವ್ವಾ, ಒಂಚೂರೂ ಕಾಡೂದಿಲ್ಲ” ಎಂದು ನೆಟಿಗೆ ಮುರಿದು ಹೋಗುತ್ತಾರೆ. ನನಗೆ ಕಿರುಚಬೇಕೆನಿಸುತ್ತದೆ. ಇನ್ನು ತಡವಾದರೆ ಅದರ ಬುದ್ಧಿ ಬೆಳೆಯುವುದಿಲ್ಲ, ಆಮೇಲೆ ಎಷ್ಟು ಮಾತ್ರೆ ಕೊಟ್ಟರೂ ಹೋದದ್ದು ಬರುವುದಿಲ್ಲ. ಮೂರು ಆಸ್ಪತ್ರೆ ಅಲೆದೆವು, ಇದನ್ನು ಬಲ್ಲ ಹಳೆಯ ವೈದ್ಯರು ಯಾರೂ ಸಿಗಲಿಲ್ಲ. ಎಳೆಯ ವೈದ್ಯೆಯೊಬ್ಬಳು ನನ್ನನ್ನೇ ತೋರಿಸಿ, “ನೀವ ಇಷ್ಟ ಗಟ್ಟಿ ಅದೀರಲ್ರೀ ಅಮ್ಮಾರ, ಮತ್ತ ಅದೆಂಥಾ ರೋಗರೀ?” ಎಂದಳು.

ನಿಮ್ಮಲ್ಲಿ ಮಾತ್ರೆ ನುಂಗಿ ಬದುಕಿದವರಿದ್ದರೆ, ಯಾರಾದರೂ ಕೇಳಿದಾಗ ಪೂರ್ತಿ ಹೇಳಿ. ನನ್ನ ಮಾತ್ರೆ ಈಗ ಎದುರಿಗಿದೆ, ಪುಡಿ ಮಾಡಿ ಎದೆಹಾಲಿನಲ್ಲಿ ಕಲಸಲು ಚಮಚ ತೊಳೆದಿಟ್ಟಿದ್ದೇನೆ. ಕಡಿಮೆಯಾದರೆ ಬುದ್ಧಿಗೆ ಪೆಟ್ಟು, ಹೆಚ್ಚಾದರೆ ಆ ಪುಟ್ಟ ಹೃದಯಕ್ಕೆ. ನಿಮ್ಮ ಊರಿನ ವೈದ್ಯರಿಗೆ ಇದು ದಿನನಿತ್ಯದ ಕೆಲಸ. ದಮ್ಮಯ್ಯ, ಹನ್ನೆರಡು ದಿನದ, ಎರಡೂಮುಕ್ಕಾಲು ಕಿಲೋ ತೂಕದ ಹೆಣ್ಣುಕೂಸಿಗೆ ಎಷ್ಟು ಕೊಡಬೇಕೆಂದು ಅವರನ್ನು ಕೇಳಿ, ಅಳಿಸಿಹೋಗದ ಕಡೆ ಬರೆದಿಡಿ. ಕಲ್ಲಿನ ಮೇಲಾದರೂ ಸರಿ. ಬೆಳಗಾದೊಡನೆ ಹುಡುಕಲು ಹೊರಡುತ್ತೇನೆ.

ಗಂಗಾಂಬಿಕೆ