ಹೋಲಿಕೆಗೆಂದು ಬಿಟ್ಟ ಬಾವಿ

ಮಾನ್ಯ ನಿರ್ದೇಶಕರೇ,

ನಮ್ಮೂರ ಬಾವಿಯನ್ನು ನಿಮ್ಮ ಸಂಸ್ಥೆಯ ಸಂಶೋಧನೆಯಿಂದ ಬಿಡುಗಡೆ ಮಾಡಿ ಎಂದು ಕೇಳಲು ಈ ಪತ್ರ. ಅಂಚೆಯಲ್ಲಿ ಕಳಿಸಿದ ಮನವಿಗಳಿಗೆ ಉತ್ತರವಿಲ್ಲದ್ದರಿಂದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಸಿಟ್ಟಿನಿಂದಲ್ಲ. ಸಿಟ್ಟು ಬರಬೇಕಿತ್ತು, ಬಂದಿಲ್ಲ. ಏಕೆಂದು ನನಗೂ ತಿಳಿಯದು.

ನಾನು ಆಳಂದದ ತೊಗರಿ ಅಡತಿಯಲ್ಲಿ ತೂಕ ಮಾಡುವವನು, ಊರು ಸರಸಂಬಾದ ಕಡೆಗೆ. ನಮ್ಮದು ಪಾವಟಿಗೆ ಬಾವಿ. ಕೊಡ ತುಂಬಲು ಹೆಂಗಸರು ಮೆಟ್ಟಿಲಿಳಿದು ಮೊಣಕಾಲುದ್ದ ನೀರಿನಲ್ಲಿ ನಿಲ್ಲಬೇಕು. ನಾರುಹುಣ್ಣು ಆದವರ ಕಾಲಿನಿಂದ ಹುಳದ ಮರಿಗಳು ಆ ನೀರಿಗೆ ಸೇರುತ್ತವೆ. ಅದನ್ನು ಕುಡಿದವರ ಕಾಲಿನಲ್ಲಿ ಮರುವರ್ಷ ದಾರದಂಥ ಹುಳ ಹೊರಡುತ್ತದೆ. ಇದನ್ನು ನಮಗೆ ತಿಳಿಹೇಳಿದವರು ನಿಮ್ಮ ಸಂಸ್ಥೆಯ ಡಾಕ್ಟರರೇ. ಅವರ ಉಪಕಾರ ಮರೆತಿಲ್ಲ. ಅವರು ಹಳ್ಳದಾಚೆಯ ಊರಿನಲ್ಲಿ ಪಾವಟಿಗೆ ಮುಚ್ಚಿಸಿದರು, ಕಟ್ಟೆ ಕಟ್ಟಿಸಿ ರಾಟೆ ಹಾಕಿಸಿದರು, ಮನೆಮನೆಗೆ ನೀರು ಸೋಸುವ ಬಟ್ಟೆ ಹಂಚಿದರು. ನಮ್ಮೂರನ್ನು ಇದ್ದಂತೆಯೇ ಬಿಟ್ಟರು. ಎರಡನ್ನೂ ಹೋಲಿಸಿ ನೋಡಬೇಕಂತೆ. ಎರಡು ವರ್ಷ ತಡೆಯಿರಿ ಎಂದರು, ಒಪ್ಪಿದೆವು. ಇದು ಏಳನೆಯ ಬೇಸಿಗೆ. ತಾಲ್ಲೂಕು ಕಚೇರಿಗೆ ಹೋದರೆ, ನಿಮ್ಮೂರಿನ ಬಾವಿ ಸಂಸ್ಥೆಯವರದು, ನಾವು ಮುಟ್ಟುವಂತಿಲ್ಲ ಎನ್ನುತ್ತಾರೆ. ಬಾವಿ ತೋಡಿದ ನಮ್ಮ ಹಿರಿಯರಿಗೆ ಈ ಸಂಗತಿ ಗೊತ್ತಿರಲಿಲ್ಲ.

ಮೊದಲ ಬೇಸಿಗೆಯಲ್ಲಿ ನನ್ನ ಹೆಂಡತಿ ಗಂಗುಬಾಯಿ ಹಳ್ಳದಾಚೆಯ ತನ್ನ ಅಕ್ಕನ ಮನೆಯಿಂದ ಸೋಸುವ ಬಟ್ಟೆಯೊಂದನ್ನು ತಂದು ಕೊಡದ ಬಾಯಿಗೆ ಕಟ್ಟಿದಳು. ಮನೆಮನೆ ತಿರುಗುವ ನಿಮ್ಮ ಸಿಬ್ಬಂದಿ ನೋಡಿದರು.

“ಬಾಯಾರ, ಇದು ಆ ಊರಿನ ಬಟ್ಟಿ. ಇಲ್ಲಿ ಬಳಸಿದ್ರ ಹೋಲಿಕಿ ಕೆಡ್ತದ್ರಿ.”

“ತಪ್ಪಾತ್ರಿ ಯಪ್ಪಾ. ತಡೀರಿ, ಕೊಡ್ತೇನಿ.”

ಬಳಸಿದ ಬಟ್ಟೆಯನ್ನು ಹಾಗೆಯೇ ಕೊಡುವುದೆಂತು? ಸಬಕಾರ ಹಚ್ಚಿ ತೊಳೆದಳು, ಒಣಗುವ ತನಕ ಅವರನ್ನು ಕೂಡಿಸಿ ಚಹಾ ಕೊಟ್ಟಳು, ಮಡಚಿ ಕೈಗಿಟ್ಟಳು. ಓದಿದವರ ಕೆಲಸಕ್ಕೆ ನಮ್ಮಿಂದ ಅಡ್ಡಿಯಾಗಬಾರದೆಂಬ ಮರ್ಯಾದೆ. ಮರುವರ್ಷ ಆಕೆಯ ಹಿಮ್ಮಡಿಯಲ್ಲಿ ನಾರು ಹೊರಟಿತು. ಹುಣ್ಣು ಕೆಟ್ಟು ಧನುರ್ವಾಯುವಾಯಿತು. ಗುಲ್ಬರ್ಗಾ ಮುಟ್ಟುವ ಮೊದಲೇ ತೀರಿಕೊಂಡಳು.

ಕಳೆದ ತಿಂಗಳು ಡಾಕ್ಟರರ ಸನ್ಮಾನಕ್ಕೆ ಊರಿನ ಪರವಾಗಿ ಹಾರ ಹಾಕಲು ನನ್ನನ್ನು ಕರೆಸಿದಿರಿ. ಈ ಎರಡು ಊರುಗಳ ಕುರಿತ ಅವರ ಲೇಖನವನ್ನು ಲೋಕದ ನಲವತ್ತು ಲೇಖನಗಳು ಉಲ್ಲೇಖಿಸಿವೆ, ಸಂಸ್ಥೆಗೆ ಇಂಥ ಕೀರ್ತಿ ಹಿಂದೆ ಬಂದಿರಲಿಲ್ಲ ಎಂದಿರಿ. ನಾನೂ ಚಪ್ಪಾಳೆ ತಟ್ಟಿದೆ. ಅಲ್ಲಿ ಹಂಚಿದ ಕನ್ನಡ ಸಾರಾಂಶದಲ್ಲಿ ನಮ್ಮೂರಿಗೆ ಹೆಸರಿಲ್ಲ, ‘ಹೋಲಿಕೆಯ ಊರು’ ಎಂದಿದೆ. ಕೆಳಗೊಂದು ಸಾಲು: ನಾರುಹುಣ್ಣಿನಿಂದ ಯಾವ ಸಾವೂ ಸಂಭವಿಸಿಲ್ಲ.

ಹಾರ ಹಾಕುವಾಗ ಮೆಲ್ಲಗೆ ಕೇಳಿದೆ. “ಸಾಹೇಬ್ರ, ನಮ್ಮ ಗಂಗುಬಾಯಿ?”

“ಅವರು ಹೋಗಿದ್ದು ಧನುರ್ವಾಯುವಿನಿಂದ ಅಲ್ವೇ ಯಜಮಾನ್ರೇ,” ಎಂದರು.

“ಬಾವಿ ಯಾವಾಗ್ರಿ?”

“ಇನ್ನೊಂದು ಲೇಖನ ಮುಗೀಲಿ. ಈಗ ಮುಟ್ಟಿದ್ರೆ ಇಷ್ಟು ವರ್ಷದ ಕೆಲಸ ಹಾಳಾಗುತ್ತೆ.”

ಅವರು ಕೆಟ್ಟವರಲ್ಲ, ನನ್ನ ಕೈ ಹಿಡಿದೇ ಹೇಳಿದರು. ಆದ್ದರಿಂದ ತಮ್ಮನ್ನು ಕೇಳುತ್ತೇನೆ. ಆ ನಲವತ್ತು ಲೇಖನ ಬರೆದ ವಿದ್ವಾಂಸರಲ್ಲಿ ಒಬ್ಬರಾದರೂ, ಆ ಹೋಲಿಕೆಯ ಊರಿಗೆ ಆಮೇಲೆ ರಾಟೆ ಹಾಕಿಸಿದಿರಾ ಎಂದು ವಿಚಾರಿಸಿದ್ದಾರೆಯೇ? ಪಾವಟಿಗೆ ಮುಚ್ಚಿದರೆ ಹುಳ ಹೋಗುತ್ತದೆಂದು ಲೋಕವೇ ಒಪ್ಪಿದ ಮೇಲೆ ನಮ್ಮ ಕಾಲುಗಳಿಂದ ಇನ್ನೇನು ಸಾಬೀತಾಗಬೇಕಿದೆ? ಒಬ್ಬ ಸಂಶೋಧಕರ ಹೆಸರು ಬೆಳೆಯಲು ಒಂದು ಊರು ಎಷ್ಟು ಕಾಲ ಇದ್ದಂತೆಯೇ ಇರಬೇಕು?

ಮೊನ್ನೆ ಸೊಸೆ ಸಾಬವ್ವ ಕೊಡ ಇಳಿಸಿ, “ಮಾವಾರ, ಹಿಮ್ಮಡ ಉರಿಯಾಕತ್ತದ್ರಿ,” ಅಂದಳು. ಆಕೆಯ ಅತ್ತೆಗೂ ಹೀಗೇ ಸುರುವಾಗಿತ್ತು. ಆಳಂದಕ್ಕೆ ಕರೆದೊಯ್ದು ಧನುರ್ವಾಯುವಿನ ಸೂಜಿ ಹಾಕಿಸಿದ್ದೇನೆ. ಇದರಿಂದ ನಿಮ್ಮ ಹೋಲಿಕೆ ಕೆಟ್ಟಿದ್ದರೆ ಕ್ಷಮಿಸಬೇಕು.

ಈ ಬೇಸಿಗೆ ಮುಗಿಯುವುದರೊಳಗೆ ನಮ್ಮ ಬಾವಿಯ ಪಾವಟಿಗೆ ಮುಚ್ಚಿಸಿ, ರಾಟೆ ಹಾಕಿಸಿ. ಅಷ್ಟರತನಕ, ಗಂಗುಬಾಯಿ ಕೊಟ್ಟ ಆ ಬಟ್ಟೆ ನಿಮ್ಮ ಕಚೇರಿಯ ಯಾವುದಾದರೂ ಕಪಾಟಿನಲ್ಲಿದ್ದರೆ ಸಾಬವ್ವನಿಗೆ ಕಳಿಸಿಕೊಡಿ. ತೊಳೆದೇ ಕೊಟ್ಟಿದ್ದಾಳೆ.

ಇಂತಿ,
ಇದ್ದಂತೆಯೇ ಇರುವ,
ಹೋಲಿಕೆಯ ಊರಿನ ಚಂದ್ರಾಮಪ್ಪ