ಮಡುವಿನ ಮಣ್ಣು

ಮೇ 6, ಬೆಳಿಗ್ಗೆ 9.40. ಸೇಲಂ

ಮತ್ತೆ ಮೈಕ್ರೋಸ್ಕೋಪ್. ಇವತ್ತು ಎಂಟು ಸ್ಲೈಡ್. ಧರ್ಮಪುರಿ ಹತ್ತಿರದ ನಮ್ಮೂರ ಬೆಟ್ಟದ ಕೆಳಗಿನ ಮಡುವಿನಿಂದ ಪೈಪ್ ಒತ್ತಿ ತೆಗೆದ ಎರಡು ಮೀಟರ್ ಮಣ್ಣು, ತಳದ್ದು ಸುಮಾರು ಎರಡು ಸಾವಿರ ವರ್ಷ ಹಳೆಯದು. ಪದರ ಪದರವಾಗಿ ತೊಳೆದು ಇದ್ದಿಲ ಕಣ ಎಣಿಸಬೇಕು. ದಪ್ಪ, ಚೌಕ ಕಣವಾದರೆ ಮರ ಉರಿದದ್ದು. ತೆಳ್ಳಗೆ ಉದ್ದವಾಗಿದ್ದರೆ ಹುಲ್ಲು. ಇದು ನನ್ನ ಪಿಎಚ್‌ಡಿ. "ಲೇ ಜಯಾ, ಮಸಿ ಎಣಿಸೋಕೆ ಇಷ್ಟು ಓದ್ಬೇಕಾಗಿತ್ತಾ?" ಅಂತ ಅಮ್ಮ.

ಕನ್ನಡದಲ್ಲಿ ಬರೆದರೆ ಒಂದು ಲಾಭ. ಹಾಸ್ಟೆಲ್‌ನಲ್ಲಿ ಯಾರಿಗೂ ಓದಲು ಬರುವುದಿಲ್ಲ.

ಮೇ 8, ಸಂಜೆ

ಸಿಕ್ಕಿತು! 120 ಸೆಂ.ಮೀ. ಆಳದ ಪದರ, ಒಳ್ಳೆ ಮಳೆಯಿದ್ದ ಕಾಲದ್ದು. ಹುಲ್ಲಿನ ಕಣ ರಾಶಿ ರಾಶಿ, ಮರದ್ದು ಇಲ್ಲವೇ ಇಲ್ಲ. ಗೈಡ್ ವಿಶ್ವನಾಥನ್ ಸರ್ ಯಾವಾಗಲೂ ಹೇಳುತ್ತಾರೆ — ಬರಗಾಲದಲ್ಲಿ ಕಾಡು ತಾನೇ ಉರಿಯುತ್ತದೆ. ಮಳೆಗಾಲ ಚೆನ್ನಾಗಿದ್ದಾಗಲೂ ಹುಲ್ಲು ಮತ್ತೆ ಮತ್ತೆ ಉರಿದಿದ್ದರೆ ಅಲ್ಲಿ ಮನುಷ್ಯನ ಕೈ ಇದೆ.

ಅಪ್ಪನ ಕೈ. ತೈ ತಿಂಗಳಲ್ಲಿ, ಸಂಕ್ರಾಂತಿ ಕಳೆದ ಮೇಲೆ, ಇಬ್ಬನಿ ಆರುವ ಮೊದಲು, ಒಂದೊಂದು ತುಂಡು ಹುಲ್ಲು ಸುಡುತ್ತಿದ್ದ. ಹೊಸ ಚಿಗುರು ಕುರಿಗೆ. ಮರಕ್ಕೆ ಏನೂ ಆಗುತ್ತಿರಲಿಲ್ಲ. ಹನ್ನೆರಡು ವರ್ಷದ ಹಿಂದೆ ಫಾರೆಸ್ಟ್‌ನವರು ಕೇಸು ಹಾಕಿದರು. ಕುರಿ ಮಾರಿದ. ಕಂಬೈನಲ್ಲೂರು ಸಂತೆಯಲ್ಲಿ ಈಗಲೂ "ಕಾಡು ಸುಟ್ಟ ಚಿನ್ನಸ್ವಾಮಿ" ಅನ್ನುತ್ತಾರೆ. ಅಪ್ಪ ಬೆಂಕಿಪೊಟ್ಟಣವನ್ನೂ ಮುಟ್ಟುವುದಿಲ್ಲ.

ಅವನದು ತಪ್ಪಲ್ಲ ಅಂತ ಅಚ್ಚಿನಲ್ಲಿ ಬರಬೇಕು. ನನಗೆ ಬೇಕಾಗಿರುವುದು ಅಷ್ಟೇ.

ಮೇ 9

ಖುಷಿಯಲ್ಲಿ ಅಮ್ಮನಿಗೆ ಫೋನ್ ಮಾಡಿದೆ. ಮಾಡಬಾರದಿತ್ತು.

"ಮಣ್ಣು ಚೆಂದಾಗೈತಾ? ನೀನು ಜೀಪ್ ರಿಪೇರಿ ಅಂತ ಮೂರು ದಿನ ನಮ್ಮನೇಲಿ ಮಡಗಿದ್ಯಲ್ಲ, ಆಗ ಪ್ಲಾಸ್ಟಿಕ್ ಒಳಗೆ ಗೆದ್ದಲು ಬಂದಿತ್ತು ಕಣೇ. ಬಿಚ್ಚಿ ಬೂದಿ ಉದುರಿಸಿ ಮತ್ತೆ ಸುತ್ತಿದೆ."

ಬಿತ್ತನೆಯ ಅವರೆಕಾಳಿಗೆ ಹುಳ ಹಿಡಿಯದಂತೆ ಒಲೆ ಬೂದಿ ಹಾಕುವ ಹಾಗೆ. ಪ್ರೀತಿಯಿಂದ.

ನಮ್ಮ ಒಲೆಗೆ ಜೋಳದ ಕಡ್ಡಿ. ಜೋಳವೂ ಹುಲ್ಲಿನ ಜಾತಿಯೇ. ತೆಳ್ಳಗೆ, ಉದ್ದ…

"ಚೆನ್ನಾಗಿದೆ ಅಮ್ಮ" ಅಂದೆ.

ಮೇ 16

ಒಂದು ವಾರ ಬರೆಯಲಿಲ್ಲ. ಉಳಿದ ಪದರಗಳ ಸ್ಲೈಡ್ ಕೂಡ ನೋಡಿ ಮುಗಿಸಿದೆ. ಮೇಲಿಂದ ತಳದ ತನಕ ಒಂದೇ ಸಮ ಹುಲ್ಲಿನ ಕಣ. ಎರಡು ಸಾವಿರ ವರ್ಷ ಯಾರೂ ಒಂದೇ ಸಮ ಸುಡುವುದಿಲ್ಲ. ಅದು ನಮ್ಮ ಒಲೆ.

ಸರ್‌ಗೆ 120ರ ಸುತ್ತಲಿನ ಗ್ರಾಫ್ ಮಾತ್ರ ತೋರಿಸಿದೆ. "ರೊಂಬ ನಲ್ಲಾ ಇರುಕ್ಕುಮ್ಮಾ!" ಅಂದರು, ತುಂಬಾ ಚೆನ್ನಾಗಿದೆಯಂತೆ. ಪೇಪರ್ ಬರಿ ಅಂದರು. ತಲೆ ಆಡಿಸಿ ಬಂದೆ. ಯಾರಿಗೂ ಗೊತ್ತಾಗುವುದಿಲ್ಲ. ಅಪ್ಪನಿಗೆ ನ್ಯಾಯ ಸಿಗುತ್ತದೆ. ನಾಚಿಕೆಯಾಗುತ್ತಿದೆ.

ಮೇ 17, ಮಧ್ಯಾಹ್ನ

ಹೇಳಿಬಿಟ್ಟೆ. ಮಣ್ಣಿಗೆ ಒಲೆ ಬೂದಿ ಬೆರೆತಿದೆ, ತಪ್ಪು ನನ್ನದು, ಮನೆಯಲ್ಲಿ ಇಡಬಾರದಿತ್ತು ಅಂದೆ. ಅಮ್ಮನ ಹೆಸರು ಎತ್ತಲಿಲ್ಲ. ಫೀಲ್ಡ್ ಅಸಿಸ್ಟೆಂಟ್ ತಮಿಳ್‌ಸೆಲ್ವನ್ ಪಕ್ಕದಲ್ಲೇ ಇದ್ದ, ಗೋಡೆ ನೋಡುತ್ತಿದ್ದ.

ಸರ್ ಕನ್ನಡಕ ತೆಗೆದು ಒರೆಸಿದರು. ಬೈಯಲಿಲ್ಲ. ಮಳೆ ಬಿದ್ದರೆ ಮಡು ತುಂಬುತ್ತದೆ, ಅದಕ್ಕೆ ಮೊದಲು ಇನ್ನೊಂದು ತೆಗೆದುಕೊಂಡು ಬಾ ಅಂದರು.

"ಅದರಲ್ಲಿ ಏನೂ ಸಿಗದಿದ್ದರೆ ಸರ್?"

ಸಿಗಲಿಲ್ಲ ಅಂತ ಬರೆಯಬೇಕಂತೆ.

ಮೇ 25, ಬೆಳಿಗ್ಗೆ 7. ಊರು

ಧರ್ಮಪುರಿಯಿಂದ ಮೊದಲ ಬಸ್. ಬೀದಿಗೆ ಕಾಲಿಟ್ಟಾಗ ಏನೋ ಬೇರೆ ಥರ. ಹೊಗೆ ಇಲ್ಲ. ಗ್ಯಾಸ್ ಇರುವವರೂ ಸ್ನಾನದ ನೀರು ಒಲೆಯಲ್ಲೇ ಕಾಯಿಸುವುದು. ಇವತ್ತು ಒಂದು ಮನೆಯಲ್ಲೂ ಇಲ್ಲ.

ಅಮ್ಮ ತಣ್ಣಗಿನ ರಾಗಿ ಅಂಬಲಿ, ಈರುಳ್ಳಿ ಕೊಟ್ಟಳು.

"ಬೀದಿಯೋರನ್ನೆಲ್ಲಾ ಕೇಳ್ಕೊಂಡಿದ್ದೀನಿ, ಇವತ್ತು ಒಲೆ ಅಚ್ಬ್ಯಾಡಿ ಅಂತ. ಗಾಳಿಗೆ ಒಂದು ಚೂರು ಬೂದಿ ತೂರಿ ಬಂದ್ರೂ ನಿನ್ನ ಓದು ಕೆಟ್ಟೋಯ್ತದೆ."

"ಯಾರು ಹೇಳಿದರು ನಿನಗೆ?"

"ತಮಿಳ್‌ಸೆಲ್ವನ್ ತಂಬಿ. ಜೀಪ್ ನಿಲ್ಲಿಸೋಕೆ ಜಾಗ ಕೇಳಿ ಫೋನ್ ಮಾಡಿತ್ತು, ಆಗ ಮಣ್ಣಿಗೆ ಬೂದಿ ಬೆರೆತಿದ್ದು ಹೇಳ್ತು. ನೀನು ಯಾಕ್ಲೇ ನನ್ನ ಬೈಯಲಿಲ್ಲ?"

ಮಣ್ಣು ತೆಗೆಯುವ ಪೈಪ್ ಎರಡು ಮೀಟರ್ ಆಳಕ್ಕೆ ಹೋಗುತ್ತದೆ, ಗಾಳಿಯ ಬೂದಿ ಲೆಕ್ಕಕ್ಕಿಲ್ಲ — ಅದನ್ನು ಹೇಳಲಿಲ್ಲ. ಅಂಬಲಿ ಪೂರ್ತಿ ಕುಡಿದೆ.

11.15. ಮಡು

ಅಪ್ಪ ಬಂದಿದ್ದಾನೆ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಈ ಬೆಟ್ಟದ ಕಡೆಗೆ. "ಇಲ್ಲಿ ಬ್ಯಾಡ, ಅಲ್ಲಿ ಆಳ ಐತೆ" ಅಂದ, ತಾನೇ ಪೈಪ್ ಹಿಡಿದು ಒತ್ತಿದ. ಈ ಮಣ್ಣು ಅವನ ಕಡೆ ಹೇಳುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಅವನಿಗೂ ಹಾಗೇ ಹೇಳಿದೆ. "ಏನೈತೋ ಅದು ಬರ್ಲಿ" ಅಂದ.

ಪೈಪ್ ಮೇಲೆ ಬಂತು. ತಮಿಳ್‌ಸೆಲ್ವನ್ ತೆರೆಯುತ್ತಿದ್ದಾನೆ. ಅಮ್ಮನನ್ನು ಕೂಗಿದೆ, ಬರಲಿಲ್ಲ. ದೂರ, ದಡದಲ್ಲೇ ನಿಂತಿದ್ದಾಳೆ. ಎರಡು ಕೈಯನ್ನೂ ಸೆರಗಿನಲ್ಲಿ ಬಿಗಿಯಾಗಿ ಸುತ್ತಿಕೊಂಡಿದ್ದಾಳೆ, ಕೈಗೆ ಇನ್ನೂ ಏನಾದರೂ ಅಂಟಿದ್ದೀತು ಅಂತ. ಬರೆಯುವುದು ಸಾಕು, ಹೋಗಿ ಕೈ ಹಿಡಿದು ಕರೆತರುತ್ತೇನೆ.