ತಾತನ ತೋಪಡ ಯಾವ ದೇಶದ್ದು

ಹೊಂಗೆಕೊಪ್ಪಲು,
ಬೆಸಗರಹಳ್ಳಿ ಹತ್ರ, ಮದ್ದೂರು ತಾಲ್ಲೂಕು
ತಾರೀಕು ೨-೮-೨೦೨೫, ಶನಿವಾರ

ನನ್ನ ಮೊಮ್ಮಗಳು ಪ್ರಿಯಾಂಕವ್ವನಿಗೆ,

ನಿಮ್ಮಜ್ಜಿ ಮಂಚಮ್ಮ ಬರೆಯೋ ಕಾಗದ. ನಾನಿನ್ನೂ ಗಟ್ಟಿಯಾಗೇ ಇದ್ದೀನಿ. ಬಾಯಂತೂ ಮೊದಲಿಗಿಂತ ಗಟ್ಟಿ ಅಂತ ನಿಮ್ಮವ್ವ ದಿನಾ ಸರ್ಟಿಫಿಕೇಟು ಕೊಡ್ತಾಳೆ. ನೀನು ಮೈಸೂರಲ್ಲಿ ಹೊತ್ತಿಗೆ ಸರಿಯಾಗಿ ಉಣ್ತಾ ಇದ್ದೀಯ ಅಂತ ಅಂದ್ಕೊಂಡಿದ್ದೀನಿ. ಮರ ಹೆರೆಯೋರಿಗೆ ತೋಳಲ್ಲಿ ಕಸುವು ಬೇಕು, ಬರೀ ಬ್ರೆಡ್ಡು ತಿಂದ್ರೆ ಆಗಾಕಿಲ್ಲ.

ನಿನ್ನ ಕಾಗದ ಬಂದು ಇಪ್ಪತ್ತು ದಿನ ಆಯ್ತು. ತಡ ಮಾಡಿದೆ ಅಂತ ಸಿಟ್ಟಾಗಬೇಡ. ಕನ್ನಡಕದ ಕಡ್ಡಿ ಮುರಿದಿತ್ತು ಅಂತ ಬರೆಯೋಣ ಅಂತಿದ್ದೆ. ಮುರಿದಿದ್ದು ನಿಜ, ಆದ್ರೆ ನಿಮ್ಮಪ್ಪ ಮಾರನೇ ದಿನವೇ ದಾರ ಸುತ್ತಿ ಸರಿ ಮಾಡ್ಕೊಟ್ಟ. ಬರೆಯೋಕೆ ಕೂತಾಗೆಲ್ಲ ಕೈಯೇ ಹಿಂದಕ್ಕೆ ಹೋಗ್ತಿತ್ತು. ನಾಲ್ಕನೇ ಕ್ಲಾಸಿನವರೆಗೆ ಇಸ್ಕೂಲಿನ ಜಗಲಿ ಮೇಲೆ ಕೂತು ಕಲಿತ ಅಕ್ಷರ ನಂದು, ಒತ್ತು ದೀರ್ಘ ಎಲ್ಲ ನೀನೇ ನೆಟ್ಟಗೆ ಮಾಡ್ಕೊಂಡು ಓದು. ಫೋನಲ್ಲಿ ಹೇಳಬಹುದಿತ್ತು. ಆದ್ರೆ ನಿಮ್ಮಪ್ಪ ಸಿದ್ದರಾಜು ಫೋನು ಬಂದ್ರೆ ಸಾಕು, ಸ್ಪೀಕರ್ ಹಾಕಿ ಕೇರಿಗೆಲ್ಲ ಕೇಳಿಸ್ತಾನೆ. ಇದು ಕೇರಿಗೆ ಕೇಳಿಸೋ ಮಾತಲ್ಲ.

ನೀನು ಬರೆದಿದ್ದನ್ನ ಮೂರು ಸಲ ಓದಿದೆ. ಮರಗೆಲಸ ಕಲಿಸೋ ಕಡೆ ಮರ ಹೆರೆಯೋಕೆ ನಿಮ್ಮ ನಿಮ್ಮದೇ ತೋಪಡ ತಗೊಳ್ಳಿ ಅಂದಿದ್ದಾರೆ. ಜಪಾನಿಂದು ಚೆನ್ನಾಗಿ ಹೆರೀತದೆ ಅಂತ ನಿನ್ನ ಕೈ ಹೇಳ್ತದೆ, ನಮ್ಮ ದೇಶದ್ದೇ ಹಿಡೀಬೇಕು ಅಂತ ನಿನ್ನ ಜೊತೆ ಹುಡುಗರು ಹೇಳ್ತಾರೆ. ಕೊನೆಗೆ ನೀನು, "ತಾತ ಇಂಗ್ಲೆಂಡಿನ ತೋಪಡ ಬಿಟ್ಟು ದೇಶದ್ದು ಹಿಡಿದ. ನಾನೂ ಹಾಗೇ ಮಾಡ್ತೀನಿ. ಆಗಸ್ಟ್ ಹದಿನೈದಕ್ಕೆ ಮೈಕಿನಲ್ಲಿ ತಾತನ ಬಾವುಟದ ಕಂಬದ ಕತೆ ಹೇಳ್ತೀನಿ. ಹೂಂ ಅನ್ನಜ್ಜಿ" ಅಂತ ಬರೆದಿದ್ದೀಯ.

ಆ ಹೂಂ ಒಂದು ಬರೆಯೋಕೆ ಆಗ್ತಿಲ್ಲ ಮಗ.

ಮೊನ್ನೆ ಮಂಗಳವಾರ ನಿಮ್ಮಪ್ಪನ ಸ್ಕೂಟರ್ ಹತ್ತಿ ಮಂಡ್ಯಕ್ಕೆ ಹೋಗಿದ್ದೆ. ಮಂಡಿ ನೋವು, ಡಾಕ್ಟರಿಗೆ ತೋರಿಸಬೇಕು ಅಂತ ಹೊರಡಿಸಿದ್ದು. ದಾರೀಲಿ, "ಲೇ ಸಿದ್ದರಾಜು, ಮೊದ್ಲು ಆರ್ಡ್‌ವೇರ್ ಅಂಗ್ಡಿಗೆ ನಡಿಯೋ" ಅಂದೆ. "ಯಾಕವ್ವೋ, ಮಂಡಿಗೆ ಮೊಳೆ ಒಡುಸ್ಕಂಡಿಯಾ?" ಅಂದ. ಬಾಯಿ ನೋಡು, ನಂದೇ ಬಂದದೆ.

ಅಂಗಡಿಯವನು ಮೂರು ಡಬ್ಬಿ ತೆಗೆದಿಟ್ಟ. ಒಂದರ ಮೇಲೆ ದೊಡ್ಡದಾಗಿ ಮೂರು ಬಣ್ಣದ ಬಾವುಟ.

"ಇದ್ನೇ ತಗೊಳ್ಳಿ ಅಜ್ಜಿ, ನಮ್ ದೇಶದ್ದು" ಅಂದ.

ನಿಮ್ಮ ತಾತ ಮಾಡ್ತಿದ್ದಂಗೆ ತೋಪಡ ಮೇಲೆತ್ತಿ, ಒಂದು ಕಣ್ಣು ಮುಚ್ಚಿ, ತಳದುದ್ದಕ್ಕೂ ಬೆಳಕಿಗೆ ಹಿಡಿದು ನೋಡಿದೆ. ನಡುಮಧ್ಯೆ ಮುದಿ ಎಮ್ಮೆ ಬೆನ್ನಿನಂಗೆ ತಗ್ಗಾಗಿತ್ತು.

"ಬಾವುಟ ನೆಟ್ಟಗದೆ ಕಣಪ್ಪ, ತಳ ಸೊಟ್ಟಗದೆ."

"ಏನಜ್ಜಿ, ದೇಶದ ಮೇಲೆ ಅಭಿಮಾನ ಬ್ಯಾಡ್ವಾ?"

"ಅಭಿಮಾನ ಇರೋದ್ಕೇ ಏಳ್ತಾ ಇವ್ನಿ. ಸೊಟ್ಟಗಿರೋದ್ಕೆಲ್ಲ ನಮ್ ದೇಸದ ಎಸ್ರು ಮಡಗ್ಬ್ಯಾಡಿ."

ನಿಮ್ಮಪ್ಪ ಆ ಕಡೆ ತಿರುಗಿ ಬಣ್ಣದ ಡಬ್ಬ ಎಣಿಸೋಕೆ ನಿಂತ. ನಾನು ಯಾರೋ ದಾರೀಲಿ ಸಿಕ್ಕ ಮುದುಕಿ ಅನ್ನೋ ಹಾಗೆ.

ಎರಡನೇದು ಜಪಾನಿಂದು. ಮರದ ಮೈ. ಮುಂದಕ್ಕೆ ತಳ್ಳೋದಲ್ಲ, ಎದೆ ಕಡೆಗೆ ಎಳ್ಕೊಳ್ಳೋದು ಅಂತ ಅಂಗಡಿಯವನು ತೋರಿಸಿದ. ಅಲಗನ್ನ ಉಗುರಲ್ಲಿ ತಟ್ಟಿದೆ, ಕಾಲ್ಗೆಜ್ಜೆ ಥರ ಅಂತು. ಮೂರನೇದು ಮೂಲೇಲಿ ಧೂಳು ಕುಡೀತಾ ಇತ್ತು. ಅದೂ ನಮ್ಮ ದೇಶದ್ದೇ, ಡಬ್ಬಿ ಮೇಲೆ ಬಾವುಟ ಗೀವುಟ ಇರಲಿಲ್ಲ. ತಳ ಗೆರೆ ಎಳೆದಂಗಿತ್ತು. ಅಲಗು ಕೂರೋ ಜಾಗ ಮಾತ್ರ ಒಂಚೂರು ಅಲ್ಲಾಡ್ತಿತ್ತು, ಎರಡು ದಿನ ಅರ ಹಾಕಿದ್ರೆ ಕೂರ್ತದೆ. ಯಾವುದನ್ನೂ ತರಲಿಲ್ಲ. ಬಳೆಯನ್ನೂ ತೋಪಡವನ್ನೂ ಇನ್ನೊಬ್ಬರ ಕೈಗೆ ಅಂದಾಜಲ್ಲಿ ತರಬಾರದು.

ಅವತ್ತಿಂದ ಒಂದೇ ಕನಸು. ಮಧ್ಯಾಹ್ನ ಉಂಡು ಜಗಲಿ ಮೇಲೆ ಒರಗಿ ಕಣ್ಣು ಮುಚ್ಚಿದರೆ ಶಿಂಷಾ ಹೊಳೆ ಬರ್ತದೆ. ನೀರು ಹರಿಯೋ ಸದ್ದಿಲ್ಲ. ದಂಡೆ ಮೇಲೆ ನಿಮ್ಮ ತಾತ ಉದ್ದಾನುದ್ದ ಕಂಬ ಮಲಗಿಸ್ಕೊಂಡು ಹೆರೀತಾ ಇರ್ತಾನೆ. ತೋಪಡ ಓಡಿದಂಗೆಲ್ಲ ತೆಳ್ಳನೆ ಸುರುಳಿ ಏಳ್ತದೆ. ಎದ್ದಿದ್ದು ನೆಲಕ್ಕೆ ಬೀಳೋದಿಲ್ಲ, ಮೇಲಕ್ಕೆ ಹೋಗ್ತದೆ. ಹೋಗ್ತಾ ಹೋಗ್ತಾ ಬಿಚ್ಕೊಂಡು, ರೆಕ್ಕೆ ಬಂದು, ಕೊಕ್ಕರೆ ಬೆಳ್ಳೂರಿನ ಕಡೆಗೆ ಸಾಲಾಗಿ ತಿರುಗ್ತದೆ. ಅಲ್ಲಿ ಹುಣಸೆ ಮರದ ತುಂಬ ಅವನ ಸುರುಳಿಗಳೇ ಕೂತು ಗೂಡು ಕಟ್ತಾ ಇರ್ತವೆ. ಬಿಸಿಲು ಹಾಲಿನಂಗಿರ್ತದೆ. ನೋಡೋಕೆ ಎಷ್ಟು ಚೆಂದ ಅಂತೀಯ! ಆದ್ರೆ ಈ ಕಡೆ ಕಂಬ ಸಣ್ಣಗಾಗ್ತಾ ಕಬ್ಬಿನ ಜಲ್ಲೆ ಆಗ್ತದೆ, ಆಮೇಲೆ ರಾಗಿ ಕಡ್ಡಿ. "ಸಾಕು ಬುಡು, ಮುಗ್ದೋಯ್ತದೆ" ಅಂತ ಕೂಗ್ತೀನಿ, ದನಿ ಬರೋದಿಲ್ಲ. ಅವನು ತಲೆ ಎತ್ತಿ ನಗ್ತಾನೆ, ಮತ್ತೆ ಹೆರೀತಾನೆ.

ಪಕ್ಕದ ಮನೆ ಪಟ್ಟಲಮ್ಮ ನಿನ್ನೆ ತಟ್ಟಿ ಎಬ್ಬಿಸಿದಳು. "ಏನಮ್ಮಿ, ಅಗಲೊತ್ತೇ ಗಂಡನ್ ಕುಟ್ಟೆ ಜಗಳ ಆಡ್ತೀಯಲ್ಲ!"

"ಇದ್ದಾಗ ಬಾಯಿ ತಗಿಯಾಕೆ ನಾನು ಬುಟ್ಟಿದ್ರೆ ತಾನೆ? ಈಗ ಬಂದವ್ನೆ, ಆಡ್ಲಿ ಬುಡು" ಅಂದೆ. ನಕ್ಕಳು. ನನಗೆ ನಗು ಬರಲಿಲ್ಲ.

ನಿಮ್ಮ ತಾತನ ಕತೆ ನಿನಗೆ ಬಾಯಿಪಾಠ ಆಗದೆ, ಆದ್ರೂ ಒಂದು ಸಲ ನನ್ನ ಬಾಯಲ್ಲಿ ಕೇಳು. ಕೆಂಪಸಿದ್ದಯ್ಯ ಹುಟ್ಟಿನಿಂದ ಬಡಗಿ ಅಲ್ಲ. ನಮ್ಮ ಕೇರಿಯವರಿಗೆ ಆ ಕಾಲದಲ್ಲಿ ಉಳಿ ಯಾರು ಮುಟ್ಟಿಸ್ತಿದ್ರು? ಮಳವಳ್ಳಿ ಕಡೆ ಬ್ಲಫ್ ಅನ್ನೋ ಜಾಗದಲ್ಲಿ ಕರೆಂಟು ತೆಗೆಯೋ ಮನೇಲಿ ಮಿಷನ್ನು ಬಂದ ಮರದ ಪೆಟ್ಟಿಗೆ ಒಡೆಯೋ ಕೂಲಿಗೆ ಹೋಗಿದ್ದ. ಅಲ್ಲೊಬ್ಬ ಮುದುಕ ಬಡಗಿ ಇವನ ಕೈ ನೋಡಿ ಕೆಲಸ ಕಲಿಸಿದ. ಆತ ಕೆಲಸ ಬಿಟ್ಟು ಊರಿಗೆ ಹೋಗುವಾಗ ತನ್ನ ತೋಪಡ ಇವನಿಗೆ ಕೊಟ್ಟ. ಅದರ ಮರದ ಮೈ ಸೀಳಿದ್ದಕ್ಕೆ ಇವನು ನಮ್ಮ ಬದುವಿನ ಕರಿಜಾಲಿ ಮರದಲ್ಲಿ ಹೊಸ ಮೈ ಮಾಡ್ಕೊಂಡ. ಅಲಗು ಮಾತ್ರ ಇಂಗ್ಲೆಂಡಿಂದು. "ಮೈ ನಮ್ದು, ನಾಲ್ಗೆ ಅವ್ರುದ್ದು" ಅಂತ ನಾನು ಆಡ್ಕೊಳ್ತಿದ್ದೆ.

ಸ್ವಾತಂತ್ರ್ಯ ಬಂದು ಇಪ್ಪತ್ತೈದು ವರ್ಷ ಆದಾಗ, ಎಪ್ಪತ್ತೆರಡರಲ್ಲಿ, ಇಸ್ಕೂಲಿಗೆ ಹೊಸ ಬಾವುಟದ ಕಂಬ ಬೇಕಾಯ್ತು. ಊರ ಆಚಾರಿ ಬೀಗರ ಊರಿಗೆ ಹೋಗಿದ್ದ. ಹೊರಗಿನಿಂದ ಬಂದಿದ್ದ ಮೇಷ್ಟ್ರು ಒಂದು ತೇಗದ ಗಳ ತರಿಸಿ ಇವನಿಗೆ ಒಪ್ಪಿಸಿದರು. ನಾನು ಮದುವೆಯಾಗಿ ಬಂದು ಮೂರು ತಿಂಗಳಾಗಿತ್ತು. ಎಂಟು ದಿನ ನಮ್ಮ ಮನೆ ಮುಂದೆ ಹೆರೆದ. ಮೊದಲು ಚೌಕ, ಆಮೇಲೆ ಎಂಟು ಮೂಲೆ, ಆಮೇಲೆ ಹದಿನಾರು, ಕೊನೆಗೆ ದುಂಡಗೆ. ನನ್ನ ಕೈ ಹಿಡಿದು ಅದರ ಮೇಲೆ ಆಡಿಸಿದ. ಎಲ್ಲೂ ತಡೀಲಿಲ್ಲ.

ಹದಿನೈದನೇ ತಾರೀಕು ಆ ಕಂಬದ ಮೇಲೆ ಬಾವುಟ ಏರಿದ್ದನ್ನ ಬೇಲಿ ಹತ್ತಿರ ನಿಂತು ನೋಡಿ ಬಂದ. ಮಾರನೇ ವಾರ ಇಂಗ್ಲೆಂಡಿನ ಅಲಗು ಕಿತ್ತು ನನ್ನ ಮುಂದೆ ಎಸೆದ. "ಇನ್ಮೇಕೆ ನಮ್ ದೇಸದ್ದೇ" ಅಂದ. ದುದ್ದದಲ್ಲಿ ಒಬ್ಬ ಕಮ್ಮಾರ ಲಾರಿ ಪಟ್ಟಾ ಬಡಿದು ಅಲಗು ಮಾಡ್ಕೊಟ್ಟ. ಅರ್ಧ ಗಂಟೆಗೊಂದು ಸಲ ಮೊಂಡು. ಆಮೇಲೆ ಮಂಡ್ಯದಲ್ಲಿ ದೇಶದ ಕಬ್ಬಿಣದ ತೋಪಡ ತಗೊಂಡ. ಅದರ ಸೊಟ್ಟ ತಳವನ್ನ ಚಪ್ಪಡಿ ಕಲ್ಲಿನ ಮೇಲೆ ಮರಳು ನೀರು ಹಾಕಿ ಎಂಟು ದಿನ ಉಜ್ಜಿದ. ಸಾಯೋವರೆಗೆ ಉಜ್ತಾನೇ ಇದ್ದ ಅನ್ನು. ಇಂಗ್ಲೆಂಡಿನ ಉಕ್ಕು ಮೂವತ್ತು ವರ್ಷ ನಮ್ಮನೆ ಮುದ್ದೆ ಮಡಕೆಯ ತಳ ಹತ್ತಿದ ಸೀಕಲು ಕೆರೀತು. ಮೊಂಡಾಗಲಿಲ್ಲ ನೋಡು ಅದು, ಅಷ್ಟು ನಾನು ಹೇಳಲೇಬೇಕು.

ಆರು ವರ್ಷದ ಹಿಂದೆ ಸಾಯೋ ಮುಂಚೇನೂ ನಿನ್ನ ಕೂರಿಸ್ಕೊಂಡು "ನನ್ ಕಂಬ, ನನ್ ಕಂಬ" ಅಂತಿದ್ದನಲ್ಲ, ಅದೇ ಕಂಬ. ನಿನಗೆ ಗೊತ್ತಿರೋ ಕತೆ ಇಲ್ಲಿಗೆ ಮುಗೀತು.

ಈಗ ನೀನು ಕೇಳಿದ್ದಕ್ಕೆ ನನ್ನ ಉತ್ತರ. ಡಬ್ಬಿ ನೋಡಬೇಡ. ತಳ ನೋಡು, ಅಲಗು ತಟ್ಟು, ಹಿಡಿದು ಒಂದು ಹಲಗೆ ಹೆರೆದು ನೋಡು. ನಮ್ಮದು ನೆಟ್ಟಗಿದ್ರೆ ನಮ್ಮದೇ ತಗೋ, ಮಾಡಿದವನ ಮನೇಲೂ ಒಲೆ ಉರೀಲಿ. ನಮ್ಮದು ಸೊಟ್ಟಗಿದ್ರೆ ಅಂಗಡಿಯವನ ಮುಂದೆ ಬೈದು ವಾಪಸ್ ಇಡು, ಅದೂ ದೇಶಸೇವೇನೇ. ಜಪಾನಿಂದೇ ಕೈಗೆ ಕೂತ್ರೆ ಅದನ್ನೇ ತಗೋ, ಯಾರ ಮುಂದೆಯೂ ತಲೆ ತಗ್ಗಿಸಬೇಡ. ಒಂದೇ ಒಂದು ಮಾತು, ತಾತ ಹಂಗೆ ಮಾಡಿದ ಅಂತ ಮಾತ್ರ ಮಾಡಬೇಡ. ಯಾಕೆ ಅಂತ ಕೆಳಗೆ ಬರೀತೀನಿ, ಧೈರ್ಯ ಬಂದ್ರೆ.

ನಿನ್ನ ಬೆರಳು ಹತ್ತೂ ಕ್ಷೇಮವಾಗಿರಲಿ. ನೀನು ಮಾಡಿದ ಬಾಗಿಲು ಮಳೇಲಿ ಉಬ್ಬದಿರಲಿ, ನೀನು ಮಾಡಿದ ತೊಟ್ಟಿಲಲ್ಲಿ ಮಕ್ಕಳು ತಣ್ಣಗೆ ಮಲಗಲಿ. ನಮ್ಮನೆ ಗೋಡೆ ಮೇಲಿನ ಬುದ್ಧ ನಿನ್ನನ್ನ ಕಾಯಲಿ.

ಇಂತಿ ನಿನ್ನ ಅಜ್ಜಿ,
ಮಂಚಮ್ಮ

ಮೇಲೊಂದು ಮಾತು: ಎದ್ದು ಹೋಗಿ ನೀರು ಕುಡಿದು ಬಂದೆ, ಈಗ ಬರೀತೀನಿ. ಆ ಎಪ್ಪತ್ತೆರಡರಲ್ಲಿ, ಹದಿನೈದಕ್ಕೆ ಎರಡು ದಿನ ಮುಂಚೆ ನಾನು ಸೌದೆ ಆಯ್ಕೊಂಡು ಇಸ್ಕೂಲಿನ ಹಿಂದೆ ಬರ್ತಿದ್ದೆ. ಆಚಾರಿ ವಾಪಸ್ ಬಂದಿದ್ದ. ನಿಮ್ಮ ತಾತ ಕೊಟ್ಟ ಕಂಬ ಅವನ ಮುಂದಿತ್ತು. ಊರ ಯಜಮಾನರು ನಿಂತಿದ್ದರು. "ಮೇಲಿಂದು ಒಂದು ಪದ್ರ ಎತ್ತಾಕು. ಅವ್ನು ಮುಟ್ಟಿರೋದು. ನಾಳೆ ನಮ್ ಮಕ್ಳು ನಿಲ್ಸೋ ಕಂಬ" ಅಂದ್ರು. ಆಚಾರಿ, "ಎತ್ತಾಕೆ ಏನದೆ ಯಜಮಾನ್ರೇ, ಕನ್ನಡಿ ಮಾಡಿ ಮಡಗವ್ನೆ" ಅಂದ. "ಏಳ್ದಷ್ಟು ಮಾಡು" ಅಂದ್ರು. ಅವನು ತೋಪಡ ತಗೊಂಡ. ಬುಡದಿಂದ ತುದಿವರೆಗೂ, ಸುತ್ತಲೂ ಹೆರೆದ, ಸುರುಳಿ ರಾಶಿ ಬಿತ್ತು. ಮೇಷ್ಟ್ರು ಕಿಟಕಿ ಹತ್ತಿರ ನಿಂತು ಮುಗಿಯೋವರೆಗೂ ನೋಡಿದರು. ನಾನು ಹೊಸ ಸೊಸೆ, ಯಾರು ಅಂತ ಯಜಮಾನರಿಗೆ ಗೊತ್ತಿರಲಿಲ್ಲ. "ಏ ಅಮ್ಮಿ, ಇದ್ನೂ ಬಾಚ್ಕಂಡೋಗು, ಒಲೆಗಾಯ್ತದೆ" ಅಂದ್ರು.

ಬಾಚ್ಕೊಂಡು ಬಂದೆ ಮಗ. ಸೆರಗಿನ ತುಂಬ.

ನಿಮ್ಮ ತಾತ ಒಂದು ಸುರುಳಿ ಎತ್ಕೊಂಡು ಮೂಗಿಗೆ ಹಿಡಿದ. "ಎಲ್ಲಿಂದ ತಂದೆ?" ಅಂದ. "ಆಚಾರಿ ಮನೆ ಇತ್ಲಿಂದ" ಅಂದೆ. ಸುರುಳೀನ ಬೆರಳಿಗೆ ಸುತ್ತಿ ಬಿಚ್ಚಿದ. "ಒಳ್ಳೆ ಮರ" ಅಂತ ಮತ್ತೆ ನನ್ನ ಸೆರಗಿಗೇ ಹಾಕಿದ.

ಎಂಟು ದಿನ ತಾನೇ ಹೆರೆದ ಮರದ ವಾಸನೆ ಬಡಗಿಗೆ ಗೊತ್ತಾಗಲ್ವಾ? ಗೊತ್ತಾಗಿರಲಿಲ್ಲ ಅಂದ್ರೆ ನಾನು ಅವನಿಗೆ ಜೀವಮಾನವೆಲ್ಲ ಸುಳ್ಳು ಉಣಿಸಿದೆ. ಗೊತ್ತಾಗಿತ್ತು ಅಂದ್ರೆ, ನಾನು ಪಕ್ಕದಲ್ಲೇ ಇದ್ದೂ ಅವನೊಬ್ಬನೇ ಅದನ್ನ ನುಂಗಿದ, ನುಂಗಿಯೂ ದೇಶದ್ದೇ ಬೇಕು ಅಂದ. ಐವತ್ತಮೂರು ವರ್ಷದಿಂದ ಕೇಳ್ಕೊಳ್ತಾ ಇದ್ದೀನಿ, ಇದರಲ್ಲಿ ಯಾವುದು ವಾಸಿ ಅಂತ ತಿಳೀಲಿಲ್ಲ. ಮೈಕಿನ ಮುಂದೆ ಏನು ಹೇಳಬೇಕು ಅಂತ ನೀನೇ ನೋಡ್ಕೋ, ನೀನು ಓದಿದೋಳು.

ಅವತ್ತು ಹದಿನೈದನೇ ತಾರೀಕು ಬೆಳಿಗ್ಗೆ ಆ ಸುರುಳಿಗಳನ್ನೇ ಒಲೆಗೆ ಹಾಕಿ ನೀರು ಕಾಯಿಸಿದೆ. ಅವನು ಆ ನೀರು ತಲೆ ಮೇಲೆ ಹುಯ್ಕೊಂಡು, ಮದುವೆಯ ಬಿಳಿ ಅಂಗಿ ಹಾಕ್ಕೊಂಡು, ಬಾವುಟಕ್ಕೆ ಕೈ ಮುಗಿಯೋಕೆ ಹೋದ.